ದೊರೆಸಾನಿಯ ಸಂತೆಯೂರಿಗೆ ಅಕ್ಕನ ಜೊತೆ

ಅರಸೀಕೆರೆ

ನನ್ನ ಸೋದರಳಿಯ ಮಹೇಶ ಯಾವತ್ತೂ ತಾನಾಗಿ ಕಾಫಿ ತಂದು ನನ್ನ ಕೈಗೆ ಕೊಟ್ಟವನಲ್ಲ. ಆವತ್ತು ಅರಸೀಕೆರೆಯ ಅವನ ಮನೆಯಲ್ಲಿ ಲೋಟ ಹಿಡಿದುಕೊಂಡು ಎದುರಿಗೆ ಬಂದು ನಿಂತಾಗಲೇ ನನಗೇನೋ ಕೆಲಸ ಕಾದಿದೆ ಎಂದುಕೊಂಡೆ.

"ಮಾವ, ಫ್ರಾನ್ಸಿಗೆ ಹೋಗಿ ಬತ್ತೀರಾ?" ಎಂದ.

ಬೇಲೂರಿನ ಅಂಚೆ ಕಚೇರಿಯಲ್ಲಿ ಇಡೀ ಸರ್ವೀಸು ಸವೆಸಿದವನು ನಾನು. ದೇವಸ್ಥಾನ ನೋಡಲು ಬಂದ ಪರದೇಶದವರು ಬರೆದು ಹಾಕಿದ ಚಿತ್ರದ ಕಾರ್ಡುಗಳಿಗೆ ಮೊಹರು ಒತ್ತಿ ಒತ್ತಿ ನನ್ನ ಹೆಬ್ಬೆರಳು ಒರಟಾಗಿದೆ. ಕಾರ್ಡುಗಳು ಊರೂರು ಸುತ್ತಿದವು. ನಾನು ಹಳೇಬೀಡಿನ ಮನೆಯಿಂದ ಬೇಲೂರಿಗೆ, ಬೇಲೂರಿನಿಂದ ಹಳೇಬೀಡಿಗೆ ಬಸ್ಸಿನಲ್ಲಿ ಓಡಾಡಿಕೊಂಡೇ ನಿವೃತ್ತನಾದೆ. ಹಾಗಾಗಿ ಬೇಡವೆನ್ನುವ ಮಾತೇ ಇರಲಿಲ್ಲ.

"ಅಮ್ಮನ್ನೂ ಕರ್ಕೊಂಡು ಹೋಗಿ. ಟೂರಿನೋರು ಎಲ್ಲಾ ನೋಡ್ಕೋತಾರೆ. ದಾರೀಲಿ ಎಲ್ಲಾದ್ರೂ ಒಳ್ಳೆ ಸಮಯ ನೋಡಿ ಒಂದು ಮಾತು ಹೇಳಿ ಮಾವ. ಕೊಬ್ಬರಿ ಮಂಡಿ ನನಗೆ ಬಿಟ್ಕೊಡು ಅಂತ."

ಮಹೇಶನ ಅಮ್ಮ ಎಂದರೆ ನನ್ನ ಅಕ್ಕ, ಗಿರಿಜಕ್ಕ. ಹಳೇಬೀಡಿನ ನಮ್ಮ ಮನೆಯಿಂದ ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಗೆ ಸೊಸೆಯಾಗಿ ಹೋದವಳು. ಮಹೇಶನಿಗೆ ಇನ್ನೂ ಸರಿಯಾಗಿ ಚಡ್ಡಿ ಹಾಕಿಕೊಳ್ಳಲು ಬಾರದ ವಯಸ್ಸಿನಲ್ಲಿ ಭಾವ ತೀರಿಕೊಂಡರು. ಭಾವನ ಅಣ್ಣತಮ್ಮಂದಿರು ಮಂಡಿ ತಮ್ಮದೆಂದು ಬಂದು ಕೂತರು. ಅಕ್ಕ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮಠಕ್ಕೆ ಹೋದಳು. ಹಿರಿಯರೆಲ್ಲ ಕೂತು, ಮಂಡಿ ಹುಡುಗನದು, ಅವನಿಗೆ ಮೀಸೆ ಮೂಡುವವರೆಗೆ ಗಿರಿಜಮ್ಮ ನೋಡಿಕೊಳ್ಳಲಿ ಎಂದು ತೀರ್ಮಾನ ಮಾಡಿದರು.

ಮೀಸೆ ಮೂಡಿತು. ಈಗ ಅದರಲ್ಲಿ ಬಿಳಿ ಕೂದಲೂ ಇಣುಕುತ್ತಿದೆ. ಅಕ್ಕ ಇನ್ನೂ ನೋಡಿಕೊಳ್ಳುತ್ತಲೇ ಇದ್ದಾಳೆ. ರೈತರು ಚೀಲ ಇಳಿಸಿ ಮಹೇಶನ ತಲೆಯ ಮೇಲಿಂದ ಒಳಗೆ ನೋಡಿ "ಅಮ್ಮಾರು ಇಲ್ವಾ?" ಎನ್ನುತ್ತಾರೆ. ಅಮ್ಮಾರು ಬಂದು, ಕೊಬ್ಬರಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತಲೆ ಆಡಿಸಿದ ಮೇಲೇ ವ್ಯಾಪಾರ. ನಲವತ್ತು ದಾಟಿದ ಗಂಡಸಿಗೆ ಇದು ಕಷ್ಟವೇ. ಅವನ ಕಡೆಗೂ ನ್ಯಾಯವಿತ್ತು. ಕಾಫಿ ಕುಡಿದು ಆಯಿತು ಎಂದುಬಿಟ್ಟೆ.

ಬೆಂಗಳೂರು ವಿಮಾನ ನಿಲ್ದಾಣ

ಮೊದಲ ಗಲಾಟೆ ನಮ್ಮ ನೆಲದಲ್ಲೇ ಆಯಿತು. ಹೋದ ಕಡೆ ಯಾರಿಗಾದರೂ ಕೊಡಲು ಬೇಕಾಗುತ್ತದೆ ಎಂದು ಅಕ್ಕ ಒಳ್ಳೆಯ ಉಂಡೆ ಕೊಬ್ಬರಿ ಆರಿಸಿ ಪೆಟ್ಟಿಗೆಗೆ ತುಂಬಿದ್ದಳು. ನಿಲ್ದಾಣದವರು ಪೆಟ್ಟಿಗೆ ತೆರೆಸಿ, ಒಣಕೊಬ್ಬರಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಎಣ್ಣೆ ಅಂಶ ಹೆಚ್ಚು, ಬೇಗ ಬೆಂಕಿ ಹತ್ತುತ್ತದೆ ಎಂದರು.

"ಏನಪ್ಪಾ, ಸೊಸೆಯಾಗಿ ಬಂದಾಗಿಂದ ಕೊಬ್ಬರಿ ರಾಶಿ ಪಕ್ಕದಲ್ಲೇ ಕೂತಿದೀನಿ. ನಾನು ಹತ್ಕೊಂಡು ಉರಿದ್ನಾ?" ಎಂದಳು ಅಕ್ಕ.

ಆ ಅಧಿಕಾರಿ ನಗು ತಡೆದುಕೊಂಡು ಕೊಬ್ಬರಿಯನ್ನು ಪಕ್ಕಕ್ಕಿಟ್ಟರು. ಅರಸೀಕೆರೆಯ ಕೊಬ್ಬರಿಗೆ ಇಂಥ ಅವಮಾನ ಹಿಂದೆಂದೂ ಆಗಿರಲಿಕ್ಕಿಲ್ಲ. ಅಕ್ಕನಿಗೆ ಉಳಿದದ್ದು ಅನ್ನಕ್ಕೆಂದು ಕಟ್ಟಿಕೊಂಡಿದ್ದ ಅಕ್ಕಿ, ಒಂದಿಷ್ಟು ಅಚ್ಚುಬೆಲ್ಲ, ಉಪ್ಪಿನಕಾಯಿ.

ನಡುವೆ ವಿಮಾನ ಬದಲಿಸುವ ಊರಿನಲ್ಲಿ ಇನ್ನೊಂದು ತೊಡಕು. ಕೊರಳಿನ ಬೆಳ್ಳಿ ಕರಡಿಗೆಯನ್ನು ತೆಗೆದು ತಟ್ಟೆಗೆ ಹಾಕಬೇಕೆಂದು ಕಾವಲಿನ ಹೆಣ್ಣುಮಗಳು ಸನ್ನೆ ಮಾಡಿದಳು. ಲಿಂಗವಿರುವ ಕರಡಿಗೆಯನ್ನು ಅಕ್ಕ ಮೈಮೇಲಿಂದ ತೆಗೆಯುವವಳಲ್ಲ. ನಾನು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಏನೇನೋ ಹೇಳಿದೆ. ಕೊನೆಗೆ ಅಕ್ಕನೇ ಮುಚ್ಚಳ ತೆರೆದು, ಲಿಂಗವನ್ನು ಅಂಗೈಮೇಲಿಟ್ಟು, "ನೋಡವ್ವ, ಮುಟ್ಟಬೇಡ" ಎಂದಳು ಅಚ್ಚ ಕನ್ನಡದಲ್ಲಿ. ಆಕೆ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿ, ಹೋಗಿ ಎಂದು ದಾರಿ ಬಿಟ್ಟಳು. ನನ್ನ ಇಂಗ್ಲಿಷು ಅಲ್ಲಿಂದ ಮುಂದೆ ಸ್ವಲ್ಪ ಕುಗ್ಗಿತು.

ಪ್ರೊವಾಂ, ಮೊದಲ ದಿನ

ಪ್ಯಾರಿಸ್ ಬಗ್ಗೆ ನಾನು ಬರೆಯುವುದಿಲ್ಲ. ಅದನ್ನು ನೋಡಿ ಬಂದವರು ಬೀದಿಗೊಬ್ಬರಿದ್ದಾರೆ. ಅಲ್ಲಿಂದ ಆಚೆ ಪ್ರೊವಾಂ ಎಂಬ ಹಳೆಯ ಕೋಟೆ ಊರಿನಲ್ಲಿ ನಮ್ಮ ತಂಡಕ್ಕೆ ಎರಡು ದಿನ ತಂಗುವ ಏರ್ಪಾಡಾಗಿತ್ತು. ಬೆಳಗ್ಗೆ ಎಲ್ಲರೂ ಹತ್ತಿರದ ದೊಡ್ಡ ಆಟದ ಉದ್ಯಾನಕ್ಕೆ ಬಸ್ಸು ಹತ್ತಿದರು. ಅಲ್ಲಿ ಮನುಷ್ಯರು ಇಲಿ, ಬಾತುಕೋಳಿಗಳ ವೇಷ ಹಾಕಿಕೊಂಡು ಕೈಕುಲುಕುತ್ತಾರೆಂದು ಕೇಳಿ ಅಕ್ಕ ಬಸ್ಸಿನ ಮೆಟ್ಟಿಲಿನಿಂದ ಕೆಳಗಿಳಿದಳು.

"ಇಲಿ ನೋಡೋಕೆ ಇಷ್ಟು ದೂರ ಬರಬೇಕೇನೋ ಪುಟ್ಟ? ನಮ್ಮ ಮಂಡೀಲಿ ಬೇಕಾದಷ್ಟವೆ."

ನನ್ನ ಹೆಸರು ಪುಟ್ಟಸ್ವಾಮಿ. ಪಿಂಚಣಿ ಬರುವ ವಯಸ್ಸಿನಲ್ಲೂ ಪುಟ್ಟ ಎಂದು ಕರೆಯುವವಳು ಇವಳೊಬ್ಬಳೇ.

ನಾವು ಉಳಿದುಕೊಂಡಿದ್ದ ಮನೆಯ ಒಡತಿ ಸಿಮೋನ್. ಅಕ್ಕನದೇ ವಯಸ್ಸು, ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಮನೆಯ ಮೇಲಿನ ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಾರೆ. ಚೆನ್ನಾಗಿ ಇಂಗ್ಲಿಷ್ ಬರುತ್ತದೆ. ಅಕ್ಕ ಅವರ ಅಡುಗೆಮನೆಗೆ ನುಗ್ಗಿ ಅನ್ನಕ್ಕಿಟ್ಟಳು. ಸಿಮೋನ್ ಬೇಸರಿಸಿಕೊಳ್ಳದೆ ಗುಲಾಬಿ ದಳದ ಜಾಮು ತೆಗೆದಿಟ್ಟರು. ಅದು ಆ ಊರಿನ ಹೆಗ್ಗಳಿಕೆಯಂತೆ. ಅಕ್ಕ ರುಚಿ ನೋಡಿ "ಗುಲ್ಕನ್ನು ಕಣೋ" ಎಂದು ತೀರ್ಪು ಕೊಟ್ಟಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದಿದ್ದರೂ ಇಬ್ಬರೂ ಒಲೆಯ ಮುಂದೆ ಅಕ್ಕಪಕ್ಕದಲ್ಲಿ ನಿಂತು ಮಾತಾಡುತ್ತಲೇ ಇದ್ದರು.

ಮಧ್ಯಾಹ್ನ ಸಿಮೋನ್ ನಮ್ಮನ್ನು ಊರು ತೋರಿಸಲು ಕರೆದೊಯ್ದರು. ಎಂಟುನೂರು ವರ್ಷದ ಹಿಂದೆ ಇದು ಸಂತೆಯ ಊರಂತೆ. ದೂರದ ಇಟಲಿಯಿಂದಲೂ ವರ್ತಕರು ಹೇರು ಹೊರಿಸಿಕೊಂಡು ಬರುತ್ತಿದ್ದರಂತೆ. ಕಲ್ಲಿನ ಕಮಾನಿನ ದೊಡ್ಡ ಉಗ್ರಾಣದೊಳಗೆ ಹೋದಾಗ ಅಕ್ಕನ ನಡಿಗೆಯೇ ಬದಲಾಯಿತು. ಗೋಡೆ ಮುಟ್ಟಿದಳು, ತಲೆ ಎತ್ತಿ ಗಾಳಿ ಎಲ್ಲಿಂದ ಬರುತ್ತದೆಂದು ನೋಡಿದಳು.

"ತಂಪಾಗೈತೆ. ಆದ್ರೆ ಕೊಬ್ಬರಿಗೆ ಆಗಲ್ಲ, ಬೂಸಲು ಹಿಡಿಯುತ್ತೆ" ಎಂದಳು. ನಾನು ಅನುವಾದಿಸಿದೆ. ಸಿಮೋನ್ ಗಂಭೀರವಾಗಿ ತಲೆಯಾಡಿಸಿದರು.

ದೊರೆಸಾನಿ

ಈ ಸಂತೆಗಳ ಒಡತಿ ಒಬ್ಬ ಹೆಂಗಸು ಎಂದು ಸಿಮೋನ್ ಹೇಳಿದ್ದು ಅಲ್ಲೇ. ಅವಳ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಅಕ್ಕ ದೊರೆಸಾನಿ ಎಂದಳು, ನಮಗೆ ಅದೇ ಗಟ್ಟಿಯಾಯಿತು.

ದೊರೆಸಾನಿ ಆ ಸೀಮೆಯವಳಲ್ಲ. ದಕ್ಷಿಣಕ್ಕೆ, ಬೆಟ್ಟಗಳ ಆಚೆಯ ರಾಜನ ಮನೆಯ ಮಗಳು. ಈ ನಾಡಿನ ದೊರೆಗೆ ಕೊಟ್ಟು ಮದುವೆ ಮಾಡಿದ್ದರು. ಎರಡನೆಯ ಮಗು ಹೊಟ್ಟೆಯಲ್ಲಿದ್ದಾಗ ಗಂಡ ಸತ್ತ. ಆಮೇಲೆ ಹುಟ್ಟಿದ್ದು ಗಂಡು. ಆ ಕೂಸಿನ ಹೆಸರಿನಲ್ಲಿ ಆಳಲು ಫ್ರಾನ್ಸಿನ ದೊಡ್ಡ ರಾಜನ ಒಪ್ಪಿಗೆ ಬೇಕಿತ್ತು. ಅದಕ್ಕಾಗಿ ಪುಟ್ಟ ಮಗಳನ್ನು ಅವನ ವಶಕ್ಕೆ ಬಿಡಬೇಕಾಯಿತು, ಅವನ ಅನುಮತಿಯಿಲ್ಲದೆ ಮರುಮದುವೆ ಆಗುವುದಿಲ್ಲವೆಂದು ಮಾತು ಕೊಡಬೇಕಾಯಿತು. ಮುಂದೆ ಗಂಡನ ಅಣ್ಣನ ಮಗಳೂ ಅವಳ ಗಂಡನೂ ಈ ನಾಡು ನಮ್ಮದೆಂದು ದಂಡು ಕಟ್ಟಿಕೊಂಡು ಬಂದರು. ಇವಳು ಸೋಲಲಿಲ್ಲ. ಹಳೇಬೀಡಿನಲ್ಲಿ ಹೊಯ್ಸಳರು ಆಳುತ್ತಿದ್ದ ದಿನಗಳವು. ನಮ್ಮೂರಿನಲ್ಲಿ ಉಳಿ ಸುತ್ತಿಗೆಗಳ ಸದ್ದು ಕೇಳುತ್ತಿದ್ದಾಗ ಇಲ್ಲಿ ಇವಳು ದಾಯಾದಿಗಳ ಜೊತೆ ಗುದ್ದಾಡುತ್ತಿದ್ದಳು.

"ದಾಯಾದಿಗಳು ಇಲ್ಲೂ ಅವ್ರಾ?" ಎಂದು ಅಕ್ಕ ಕೇಳಿದಳು. ಅವಳ ಕಣ್ಣಿನಲ್ಲಿ ಹೊಸ ಹೊಳಪು ಬಂದಿತ್ತು.

ಸಿಮೋನ್ ಒಂದು ಪುಸ್ತಕದಲ್ಲಿ ದೊರೆಸಾನಿಯ ಮೊಹರಿನ ಚಿತ್ರ ತೋರಿಸಿದರು. ಮೊಹರು ಎಂದ ಕೂಡಲೇ ನಾನು ಕನ್ನಡಕ ಏರಿಸಿದೆ. ಆ ಕಾಲದ ದೊರೆಗಳ ಮೊಹರಿನಲ್ಲಿ ಗಂಡಸು ಕತ್ತಿ ಹಿಡಿದು ಕುದುರೆ ಮೇಲೆ ಕೂತಿರುತ್ತಾನೆ, ಹೆಂಗಸಾದರೆ ನಿಂತಿರುತ್ತಾಳೆ ಎಂದರು.

ಅಕ್ಕ ಬಹಳ ಹೊತ್ತು ಅದನ್ನೇ ನೋಡಿದಳು. "ಕೂತ್ಕೊಳ್ಳೋಕೂ ಪುರುಸೊತ್ತು ಕೊಟ್ಟಿಲ್ಲ ನೋಡು ಅವಳಿಗೆ" ಎಂದಳು.

ಒಳ್ಳೆ ಸಮಯ ಎಂದರೆ ಇದೇ ಎಂದು ನನಗನ್ನಿಸಿತು. ಆಮೇಲೆ ಏನಾಯಿತು ಎಂದು ನಾನೇ ಕೇಳಿದೆ. ಮಗ ಪ್ರಾಯಕ್ಕೆ ಬಂದಾಗ ಆಡಳಿತ ಒಪ್ಪಿಸಿ, ತಾನೇ ಕಟ್ಟಿಸಿದ ಸನ್ಯಾಸಿನಿಯರ ಮಠಕ್ಕೆ ಹೋದಳು ಎಂದರು ಸಿಮೋನ್. ನಾನು ಅಕ್ಕನ ಕಡೆ ತಿರುಗಿ, ಮಗ ದೊಡ್ಡವನಾದ ಕೂಡಲೇ ಅವಳು ಸಂತೋಷದಿಂದ ಎಲ್ಲ ಬಿಟ್ಟುಕೊಟ್ಟಳಂತೆ, ಮಠದಲ್ಲಿ ಹೂವಿನ ತೋಟ ಮಾಡಿಕೊಂಡು ನೆಮ್ಮದಿಯಾಗಿದ್ದಳಂತೆ, ಮಗ ದಿನಾ ಬಂದು ಕಾಲಿಗೆ ಬಿದ್ದು ಹೋಗುತ್ತಿದ್ದನಂತೆ, ನಾಡೆಲ್ಲ ಅವಳನ್ನು ಹೊಗಳಿತಂತೆ ಎಂದು ಹೇಳಿದೆ.

ಅಕ್ಕ ನನ್ನ ಮುಖ ನೋಡಿದಳು. ರೈತ ತೂಕಕ್ಕೆ ಹಸಿ ಕಾಯಿ ಬೆರೆಸಿದಾಗ ನೋಡುವ ನೋಟ ಅದು.

"ಆಯಮ್ಮ ಹೇಳಿದ್ದು ನಾಕು ಮಾತು. ನೀನು ಇಷ್ಟುದ್ದ ಹೇಳ್ತಿದ್ದೀಯ. ಮಿಕ್ಕಿದ್ದು ಯಾರು ಹೇಳ್ಕೊಟ್ಟಿದ್ದು, ನಮ್ಮ ಮಹೇಶನಾ?"

ಸಿಕ್ಕಿಬಿದ್ದ ಮೇಲೆ ಮಾತಾಡುವುದು ದಡ್ಡತನ.

"ಈಗ ಸರಿಯಾಗಿ ಕೇಳು. ಬಿಟ್ಟುಕೊಟ್ಟ ಮೇಲೆ ಅವಳು ಬೆಳಗ್ಗೆ ಎದ್ದು ಏನು ಮಾಡ್ತಿದ್ಲು ಅಂತ ಕೇಳು."

ಕೇಳಿದೆ. ಸಿಮೋನ್ ಪುಸ್ತಕ ಮುಚ್ಚಿದರು. ಆಳುತ್ತಿದ್ದಾಗ ಅವಳು ಏನು ಮಾಡಿದಳೆಂದು ನಮಗೆ ಗೊತ್ತು, ಆಮೇಲಿನದು ಅಷ್ಟಾಗಿ ಗೊತ್ತಿಲ್ಲ, ಆ ಮಠವೂ ಈಗ ಇಲ್ಲ ಎಂದರು. ಈ ಸಲ ನಾನು ಒಂದು ಮಾತೂ ಸೇರಿಸದೆ ಹೇಳಿದೆ.

ಅಕ್ಕ ಅಲ್ಲೇ ಜಗಲಿಯ ಮೇಲೆ ಕೂತಳು. "ಬಿಟ್ಟುಕೊಡದೇ ಇರೋಕೆ ನಂಗೇನೂ ಆಸೆಬುರುಕುತನ ಇಲ್ಲ ಕಣೋ ಪುಟ್ಟ. ಮಗಂದೇ ಅದು, ನಂದಲ್ಲ. ಬಿಟ್ಟ ಮಾರನೇ ದಿನ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಲಿ ಅಂತ ಗೊತ್ತಾಗಲ್ಲ. ಅದಕ್ಕೇ ಇವತ್ತು ನಾಳೆ ಅಂತ ತಳ್ಕೊಂಡು ಬಂದೆ" ಎಂದಳು.

ಇಷ್ಟು ವರ್ಷದಲ್ಲಿ ಅವಳು ಈ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ನಾವ್ಯಾರೂ ಕೇಳಿರಲೂ ಇಲ್ಲ.

ಮಠವಿದ್ದ ಹೊಲ, ಎರಡನೆಯ ದಿನ

ಆ ಜಾಗವನ್ನು ನೋಡಲೇಬೇಕೆಂದು ಅಕ್ಕ ಹಟ ಹಿಡಿದಳು. ಮರುದಿನ ಸಿಮೋನ್ ತಮ್ಮ ಹಳೆಯ ಕಾರಿನಲ್ಲಿ ಕರೆದೊಯ್ದರು. ದಾರಿಯುದ್ದಕ್ಕೂ ಗೋಧಿ, ಆಮೇಲೆ ದ್ರಾಕ್ಷಿ. ಅಕ್ಕ ಅನ್ನದ ಡಬ್ಬಿ, ಬೆಲ್ಲ, ಅಕ್ಕಿಯ ಗಂಟು ಇದ್ದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ದಾರಿಯ ಊಟಕ್ಕೆ ಅಕ್ಕಿ ಯಾಕೆ ಎಂದು ನಾನು ಕೇಳಲಿಲ್ಲ. ಅವಳು ಅಕ್ಕಿಯಿಲ್ಲದೆ ಪಕ್ಕದೂರು ಜಾವಗಲ್ಲಿಗೂ ಹೋಗುವವಳಲ್ಲ.

ಮಠವಿದ್ದ ಕಡೆ ಈಗ ಬೇಸಾಯಗಾರರ ಮನೆ, ಕೊಟ್ಟಿಗೆ, ಹಳೆಯ ಗೋಡೆಯ ಒಂದು ತುಂಡು, ಅದರಾಚೆ ಹೊಲ. ಸಮಾಧಿ, ಕಲ್ಲು, ಹೆಸರು, ಏನೂ ನಮ್ಮ ಕಣ್ಣಿಗೆ ಬೀಳಲಿಲ್ಲ. ನನಗೆ ಹಳೇಬೀಡಿನ ನಮ್ಮ ಹೊಲ ನೆನಪಾಯಿತು. ಅಪ್ಪ ಉಳುವಾಗ ನೇಗಿಲಿಗೆ ಆಗಾಗ ಕೆತ್ತನೆಯ ಕಲ್ಲು ಸಿಕ್ಕುತ್ತಿತ್ತು. ಒಂದು ಸಲ ಬಳೆ ತೊಟ್ಟ ಕೈ ಮಾತ್ರ ಸಿಕ್ಕಿತು. ಅಪ್ಪ ಅದನ್ನು ಬದುವಿನ ಮೇಲಿಟ್ಟು, ಯಾವ ರಾಣಿಯದೋ ಏನೋ ತುಳಿಯಬೇಡಿ ಎಂದಿದ್ದರು. ಅಕ್ಕನೂ ನಾನೂ ಸೇವಂತಿಗೆ ಹೂ ತಂದು ಆ ಕೈಗೆ ಇಟ್ಟು ಮನೆಯಾಟ ಆಡುತ್ತಿದ್ದೆವು.

"ತವರಿಂದ ಅಷ್ಟು ದೂರ ಬಂದೋಳು" ಎಂದಳು ಅಕ್ಕ. "ಗಂಡ ಹೋದ ಮೇಲೆ ಯಾರು ಮಡಿಲಕ್ಕಿ ಕಟ್ಟಿರ್ತಾರೆ ಅವಳಿಗೆ?"

ಗೌರಿ ಹಬ್ಬಕ್ಕೆ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆದು, ಹೊರಡುವಾಗ ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿ ಕಳಿಸುವುದು ನಮ್ಮಲ್ಲಿ ನಡೆದುಬಂದದ್ದು. ಗಂಡನನ್ನು ಕಳೆದುಕೊಂಡವಳಿಗೆ ತುಂಬುವುದಿಲ್ಲ, ಅವಳು ಇನ್ನೊಬ್ಬರಿಗೆ ತುಂಬುವಂತೆಯೂ ಇಲ್ಲ. ಭಾವ ಹೋದ ವರ್ಷವೂ ಅಮ್ಮ ಅಕ್ಕನನ್ನು ಹಬ್ಬಕ್ಕೆ ಕರೆದಿದ್ದರು. ಹೋಳಿಗೆ ಬಡಿಸಿದರು, ತಲೆ ಬಾಚಿದರು. ಹೊರಡುವ ಹೊತ್ತಿಗೆ ಅಮ್ಮ ಹಿತ್ತಲಿಗೆ ಹೋಗಿ ನಿಂತುಬಿಟ್ಟರು. ಅಕ್ಕ ಬರಿಯ ಸೆರಗು ಹೊದ್ದುಕೊಂಡು ಸಂಜೆ ಬಸ್ಸು ಹತ್ತಿದಳು. ಆಮೇಲೆ ಹಳೇಬೀಡಿಗೆ ಬಂದಾಗಲೆಲ್ಲ ಮಂಡಿ ಐತೆ ಎಂದು ಸಂಜೆಗೆ ಹಿಂತಿರುಗಿದಳೇ ಹೊರತು ಒಂದು ರಾತ್ರಿಯೂ ಉಳಿಯಲಿಲ್ಲ. ಅಮ್ಮ ಸಾಯುವವರೆಗೂ ಅದನ್ನು ಹೇಳಿಕೊಂಡು ಅಳುತ್ತಿದ್ದರು.

ಅಕ್ಕ ಚೀಲದಿಂದ ಅಕ್ಕಿಯ ಗಂಟು ತೆಗೆದಳು. ಸಿಮೋನ್ ಭುಜದ ಮೇಲಿದ್ದ ಶಾಲನ್ನು ಸೆರಗಿನಂತೆ ಮುಂದಕ್ಕೆ ಹಿಡಿಯಲು ಸನ್ನೆ ಮಾಡಿದಳು. "ಅವಳಿಗೆ ಕೊಡೋಕೆ ಅವಳಿಲ್ಲ. ಅವಳ ಊರಿನೋರು ನೀವು. ನಿಮಗೆ ಕೊಟ್ರೆ ಅವಳಿಗೆ ಸೇರುತ್ತೆ" ಎಂದಳು. ನಾನು ಅದನ್ನು ಅನುವಾದಿಸುವಷ್ಟರಲ್ಲಿ ಬೊಗಸೆ ಬೊಗಸೆ ಅಕ್ಕಿ ಶಾಲಿಗೆ ಬಿತ್ತು, ಮೇಲೆ ಒಂದು ಅಚ್ಚು ಬೆಲ್ಲ. ಗೋಡೆಯ ಪಕ್ಕದ ಚೆರ್ರಿ ಮರದಿಂದ ಕೈಗೆಟುಕಿದ ನಾಲ್ಕು ಹಣ್ಣು ಕಿತ್ತು ಕೊಬ್ಬರಿಯ ಬದಲಿಗೆ ಇಟ್ಟಳು.

ಸಿಮೋನ್‌ಗೆ ಇದೇನೆಂದು ತಿಳಿಯಲಿಲ್ಲ. ಇಬ್ಬರು ಗೆಳತಿಯರು ಹಂಚಿಕೊಳ್ಳುವ ಶಾಸ್ತ್ರವೆಂದು ಭಾವಿಸಿದರೇನೋ. ಶಾಲನ್ನು ಒಂದು ಕೈಯಲ್ಲಿ ಒಟ್ಟುಗೂಡಿಸಿ ಹಿಡಿದು, ಇನ್ನೊಂದು ಕೈಯಿಂದ ಅಕ್ಕನ ಸೆರಗನ್ನು ತಾವೇ ಮುಂದಕ್ಕೆ ಎಳೆದು, ಅದರಲ್ಲಿ ಅರ್ಧ ಅಕ್ಕಿ ಸುರಿದರು. ಬೆಲ್ಲವನ್ನು ಗೋಡೆಯ ಕಲ್ಲಿಗೆ ಕುಟ್ಟಿ ಒಡೆದು ಅರ್ಧ ಹಾಕಿದರು. ಹಣ್ಣಿನಲ್ಲಿ ಎರಡು ಹಾಕಿದರು.

ಹಾಗಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅಕ್ಕನ ಮುಖ ನೋಡಿ ಮುಚ್ಚಿದೆ.

ಅವಳು ತುಂಬಿದ ಸೆರಗು ಹಿಡಿದುಕೊಂಡು ನಿಂತಿದ್ದಳು. ಕಣ್ಣೀರು ಅಕ್ಕಿಯ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳೋಣವೆಂದರೆ ಎರಡು ಕೈಯೂ ಸೆರಗಿನಲ್ಲಿದ್ದವು. ಸಿಮೋನ್ ಗಾಬರಿಯಾಗಿ, ನಾನೇನಾದರೂ ತಪ್ಪು ಮಾಡಿದೆನೇ ಎಂದು ನನ್ನನ್ನು ಕೇಳಿದರು. ಇಲ್ಲ, ನಮ್ಮಮ್ಮ ಮಾಡಬೇಕೆಂದಿದ್ದು ಮಾಡಲಾಗದೆ ಹೋದದ್ದನ್ನು ನೀವು ಮಾಡಿದಿರಿ ಎಂದೆ. ಅವರಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ತಮ್ಮ ಕರ್ಚೀಫಿನಿಂದ ಅಕ್ಕನ ಕೆನ್ನೆ ಒರೆಸಿದರು.

ಅಕ್ಕ ಸೆರಗಿನ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದಳು, ಮದುವೆಯಾದ ಹೊಸದರಲ್ಲಿ ಸಿಕ್ಕಿಸಿಕೊಂಡು ಬಸ್ಸು ಹತ್ತುತ್ತಿದ್ದ ಹಾಗೆ.

"ಪುಟ್ಟ, ಈ ಸಲ ಗೌರಿ ಹಬ್ಬಕ್ಕೆ ಹಳೇಬೀಡಿಗೆ ಬತ್ತೀನಿ. ರಾತ್ರಿ ಉಳಿತೀನಿ. ನಿನ್ ಹೆಂಡ್ತಿಗೆ ಹೇಳು."

"ಎಷ್ಟು ದಿನ ಬೇಕಾದ್ರೂ ಇರು ಅಕ್ಕ" ಎಂದೆ. ನನಗೂ ಅಳು ಬಂದಿತ್ತು, ಮುಚ್ಚಿಡಲಿಲ್ಲ.

ಹಿಂತಿರುಗುವ ದಾರಿ

ಕಾರು ದ್ರಾಕ್ಷಿ ತೋಟಗಳನ್ನು ದಾಟುತ್ತಿದ್ದಾಗ ಅಕ್ಕ ಮಹೇಶನಿಗೆ ಫೋನು ಹಚ್ಚಿಕೊಡು ಎಂದಳು. ಊರಿನಲ್ಲಿ ಮಂಡಿ ಬಾಗಿಲು ಹಾಕುವ ಹೊತ್ತು. ಪರದೆಯ ಮೇಲೆ ಮಹೇಶನ ಮುಖ, ಅವನ ಹಿಂದೆ ಕೊಬ್ಬರಿ ಚೀಲಗಳ ಸಾಲು ಕಂಡಿತು. ಊಟ ಆಯ್ತಾ, ಚಳಿ ಐತಾ ಎಂದು ಅವನು ಶುರು ಮಾಡಿದ.

"ಮಗಾ, ಇವತ್ತಿಂದ ಮಂಡಿ ನಿಂದೇ ಕಣಪ್ಪ" ಎಂದಳು ಅಕ್ಕ. "ನಾನು ಬಂದ ಮೇಲೂ ನಿಂದೇ. ಯಾರಾದ್ರೂ ಅಮ್ಮಾರು ಎಲ್ಲಿ ಅಂದ್ರೆ, ತವರಿಗೆ ಹೋಗವ್ರೆ ಅನ್ನು."

ಅಳಿಯ ಹಿಗ್ಗುತ್ತಾನೆ, ನನಗೊಂದು ಕಣ್ಸನ್ನೆಯಾದರೂ ಮಾಡುತ್ತಾನೆ ಎಂದುಕೊಂಡು ನಾನು ಪರದೆಯ ಕಡೆ ಬಗ್ಗಿದೆ. ಮಹೇಶ ನನ್ನನ್ನು ನೋಡಲೇ ಇಲ್ಲ. ಹಿಂದಿನ ಚೀಲಗಳನ್ನೊಮ್ಮೆ ತಿರುಗಿ ನೋಡಿದ.

"ಅಮ್ಮಾ, ನಾನೊಬ್ನೇ ಹೆಂಗೆ ನೋಡ್ಕೊಳ್ಳಲಿ?" ಎಂದ. ಮೀಸೆಯ ಕೆಳಗೆ ತುಟಿ ಅದುರುತ್ತಿತ್ತು.

ಅಕ್ಕ ಫೋನನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು.

"ಮೊದಲ್ನೇ ದಿನ ಮಂಡಿ ಬಾಗಿಲು ತೆಗೆದು ನಾನೂ ಹಂಗೇ ಅಂದೆ ಕಣಪ್ಪ. ಆವತ್ತು ಕೇಳಿಸ್ಕೊಳ್ಳೋಕೆ ಅಲ್ಲಿ ಯಾರೂ ಇರಲಿಲ್ಲ. ನಿಂಗೆ ನಾನಿದ್ದೀನಿ, ಹೇಳು."